ಗ್ಯಾಸ್ ಕಟರಿಗೆ ಕೊಟ್ಟ ಬ್ರೇಕ್ ಶೂ

ಘಟ್ಟದ ತಲೆಯ ಮೇಲೆ ಒಂದೂರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಶ್ರೀಮಂತ, ಹನ್ನೊಂದು ಲಾರಿಯ ಧಣಿ. ಧರ್ಮಿಷ್ಠ ಅಂದರೆ ಧರ್ಮಿಷ್ಠ, ಒಂದೊಂದು ಲಾರಿಯ ಹಣೆಗೂ ದೇವರ ಹೆಸರು! ಅದೇ ಊರ ಲಾರಿ ಸ್ಟ್ಯಾಂಡಿನಲ್ಲಿ ಒಬ್ಬ ಮೇಸ್ತ್ರಿ. ಸವೆದ ಬ್ರೇಕ್ ಶೂಗಳನ್ನು ಮತ್ತೆ ಕೆಲಸಕ್ಕೆ ತರುವುದು ಅವನ ಕಸುಬು.

ನೋಡಿ, ಬ್ರೇಕ್ ಶೂ ಅಂದರೆ ಕಮಾನಿನ ಹಾಗೆ ಬಾಗಿದ ಕಬ್ಬಿಣ. ಅದರ ಬೆನ್ನಿಗೆ ಲೈನರ್ ಅಂತ ಒಂದು ಪಟ್ಟಿ. ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವುದು ಆ ಪಟ್ಟಿಯೇ. ಅದು ಸವೆದರೆ ಹಿಡಿದಿರುವ ರಿವಿಟ್ ಮೊಳೆಗಳನ್ನು ಬಡಿದು ಉದುರಿಸಿ ಪಟ್ಟಿ ಕೀಳಬೇಕು, ಶೂ ಮೇಲಿನ ತುಕ್ಕನ್ನು ಕಬ್ಬಿಣ ಹೊಳೆಯುವ ತನಕ ಉಜ್ಜಬೇಕು, ಬಾಗು ಸರಿಯಿದೆಯೇ ಅಂತ ಅಳತೆಯ ಅಚ್ಚಿಗಿಟ್ಟು ನೋಡಬೇಕು. ಸರಿಯಿದ್ದರೆ ಬಣ್ಣ, ಹೊಸ ಲೈನರ್, ನಡುವಿನಿಂದ ತುದಿಯತ್ತ ರಿವಿಟ್. ಸರಿಯಿಲ್ಲದಿದ್ದರೆ? ಮೇಸ್ತ್ರಿಯ ಅಂಗಡಿಯಲ್ಲಿ ಅದಕ್ಕೊಂದು ಪದ್ಧತಿ. ಕೆಟ್ಟ ಶೂವನ್ನು ಗ್ಯಾಸ್ ಕಟರಿನಲ್ಲಿ ಎರಡು ತುಂಡು ಮಾಡಿಬಿಡುವುದು, ಇನ್ಯಾರೂ ಅದಕ್ಕೆ ಬಣ್ಣ ಬಳಿದು ಹಾಕಬಾರದು ಅಂತ.

ಒಂದು ಬೆಳಗ್ಗೆ ಧಣಿಯ ಲಾರಿ ಬಂತು, ಜೊತೆಗೆ ಧಣಿಯೂ. ಸಿಮೆಂಟ್ ಲೋಡು, ಮಧ್ಯಾಹ್ನವೇ ಘಟ್ಟ ಇಳಿಯಬೇಕು. ಮೇಸ್ತ್ರಿ ಶೂ ಬಿಚ್ಚಿ, ಉಜ್ಜಿ, ಅಚ್ಚಿಗಿಟ್ಟ. ಅಚ್ಚಿಗೂ ಶೂಗೂ ನಡುವಿನ ಸಂದಿಯಲ್ಲಿ ಬೆಳಕು ಕಂಡಿತು. ಶೂ ಬಾಗು ಬಿಟ್ಟು ಅಗಲವಾಗಿತ್ತು, ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಮೇಸ್ತ್ರಿ ಲೆಕ್ಕ ಹಾಕಿದ. ಆಗಲ್ಲ ಅಂದರೆ ಹನ್ನೊಂದು ಲಾರಿಯ ಕೆಲಸ ಹೋಗುತ್ತದೆ. ಹೂಂ ಅಂದರೆ? ಡ್ರೈವರ್ ಅಲ್ಲೇ ನಿಂತಿದ್ದ, ನೆಲ ನೋಡುತ್ತಾ.

"ಧಣಿ, ಇದು ಹೋಯ್ತು. ಬೇರೆ ಶೂ ತರ್ಸಿ, ನಾಳೆ ಹಾಕ್ಕೊಡ್ತೀನಿ."

"ನಾಳೆನಾ? ಬಣ್ಣ ಹೊಡ್ದು ಲೈನರ್ ಕೂರ್ಸಯ್ಯಾ. ಯಾರಿಗ್ ಕಾಣುತ್ತೆ?"

"ನಂಗ್ ಕಂಡಿದ್ಯಲ್ಲ!"

"ಭಾರಿ ಮಾತಾಡ್ತೀಯ! ನೀನಲ್ದಿದ್ರೆ ಇನ್ನೊಬ್ಬ. ಕೊಡಿಲ್ಲಿ, ಆಚೆ ಅಂಗಡೀಲಿ ಹಾಕಿಸ್ತೀನಿ."

ಮೇಸ್ತ್ರಿ ಕೊಡಲಿಲ್ಲ. ಕೊಡಲೇ ಇಲ್ಲ! ಧಣಿ ಕೂಗುತ್ತಿದ್ದಂತೆಯೇ ಕಟರ್ ಹಚ್ಚಿ, ಶೂವನ್ನು ಎರಡು ತುಂಡು ಮಾಡಿ ನೆಲಕ್ಕೆ ಹಾಕಿದ. "ಪೊಲೀಸ್ರನ್ನ ಕರೀರಿ, ಅಂಗಡಿ ಮುಚ್ಸಿ. ಇದನ್ನಂತೂ ಇನ್ಯಾರೂ ಹಾಕಂಗಿಲ್ಲ!" ಅಂದ.

ಧಣಿ ಡ್ರೈವರನತ್ತ ತಿರುಗಿದ. "ಹತ್ತೋ ಗಾಡಿ! ಒಂದು ಚಕ್ರದ ಬ್ರೇಕ್ ಹೋದ್ರೆ ಹೋಗ್ಲಿ, ಉಳಿದಿದ್ರಲ್ಲೇ ಇಳ್ಸು."

ಹದಿನಾಲ್ಕು ವರ್ಷ "ಆಗ್ಲಿ ಧಣಿ" ಅಂದೇ ಬದುಕಿದ ಮನುಷ್ಯ ಅವನು. ಬ್ರೇಕ್ ಸರಿಯಾಗಿ ಹಿಡಿಯದೆ ವಾರವಾಗಿದ್ದರೂ ತುಟಿ ಪಿಟಕ್ಕೆನ್ನದವನು. ಆ ಎರಡು ತುಂಡುಗಳನ್ನು ನೋಡಿದ. ಜೇಬಿನಿಂದ ಲಾರಿಯ ಕೀಲಿ ತೆಗೆದು ಅವುಗಳ ಪಕ್ಕ ಇಟ್ಟ.

"ಆಗಲ್ಲ ಧಣಿ," ಅಂದ.

ಈಗ ಹೇಳಿ, ಆ ಬಡಪಾಯಿಗೆ ಬಾಯಿ ಕೊಟ್ಟವರು ಯಾರು? ಗಾಡಿಯ ಹಣೆಯ ಮೇಲಿದ್ದ ಹೆಸರೋ, ಮೇಸ್ತ್ರಿಯ ಕೈಯೋ? ನೀವೂ ನಿನ್ನೆಯವರೆಗಿನ ಆ ಡ್ರೈವರನ ಹಾಗೇ ಅಲ್ಲವೇ, ಬಿರುಕು ಕಂಡರೂ "ನಮಗ್ಯಾಕೆ ಊರ ಉಸಾಬರಿ" ಅಂತ ಬಣ್ಣ ಬಳಿಯುವವರು! ತಕ್ಕಡಿ ಹಿಡಿಯುವವರೇ, ಹಾಲು ಅಳೆಯುವವರೇ, ಕಾಗದಕ್ಕೆ ರುಜು ಹಾಕುವವರೇ, ನಾಳೆ ನಿಮಗೂ ಯಾರೋ ದೊಡ್ಡವರು "ಯಾರಿಗೆ ಕಾಣುತ್ತೆ" ಅಂತಾರೆ. ಆಗ ಆಗಲ್ಲ ಅನ್ನಿ. ಮನಸ್ಸಿನೊಳಗಲ್ಲ, ಬಾಯಿಬಿಟ್ಟು ಅನ್ನಿ, ಪಕ್ಕದಲ್ಲಿ ನಿಂತವನಿಗೆ ಕೇಳುವ ಹಾಗೆ ಅನ್ನಿ. ಜೇಬಿನಲ್ಲಿ ಕೀಲಿ ಇಟ್ಟುಕೊಂಡು ಅವನು ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತಾನೆ.