ನವಾಜ್ ಸೈನ್ ಮಾಡಿದ ಆ್ಯಪು

ಶಿರಾ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರಿದ್ದರು. ಕದಿರಯ್ಯ ಕುರಿ ಸಂತೆಯ ದಲ್ಲಾಳಿ, ಅವರಿಗಿಂತ ಚಿಕ್ಕ ವಯಸ್ಸಿನ ನವಾಜ್ ಕುರಿ ವ್ಯಾಪಾರಿ ಎಂದು ಮಾತಿನಿಂದಲೇ ತಿಳಿಯಿತು. ಕೇಳಿಸಿಕೊಂಡದ್ದು ತಪ್ಪೇನೋ, ಕೇಳಿಸಿದಷ್ಟನ್ನೇ ಬರೆದಿದ್ದೇನೆ.

“ನಾ ಬಂದೇಟ್ಗೆ ಫೋನ್ ಯಾಕ್ಲಾ ಮಗುಚ್ದೆ?”

“ಹೊಸ ವೆಬ್ ಆ್ಯಪು ಕಣಣ್ಣ. ಇನ್ನೂ ಜನಕ್ಕೆ ಬುಟ್ಟಿಲ್ಲ. ನಾವೊಂದಷ್ಟು ಜನ ಮೊದ್ಲು ಬಳಸಿ ತಪ್ಪು ಹೇಳ್ಬೇಕು.”

“ಕುರಿ ಮಾರೋದಾ?”

“ಅದ್ನೂ ಹೇಳಂಗಿಲ್ಲ. ಯಾರ್ಗೂ ಬಾಯಿ ಬಿಡಲ್ಲ ಅಂತ ಸೈನ್ ಹಾಕಿಸ್ಕೊಂಡವ್ರೆ.”

“ನಿಂಗೆ ವ್ಯಾಪಾರ ಕಲಿಸ್ದೋನು ನಾನು. ನನ್ಗೂ ಗುಟ್ಟಾ?”

“ಟವಲ್ ಕೆಳ್ಗೆ ಬೆರಳು ಹಿಡ್ದು ನೀನು ರೇಟು ಕುದುರಿಸ್ತೀಯ. ಪಕ್ಕದಲ್ಲಿ ನಿಂತೋನಿಗೆ ಹೇಳ್ತೀಯಾ? ಇದೂ ಅಂಗೇ.”

“ಅಲ್ಲಿ ರೇಟು ಕಾಣಲ್ಲ, ಕೈ ಯಾರ್ದು ಅಂತ ಸಂತೆಗೆಲ್ಲ ಕಾಣ್ತದೆ ಕಣ್ಲಾ. ನಿನ್ ಗುಟ್ಟು ಬೇಡ ಬುಡು. ಮಾರೋನಿಗೂ ತಗೊಳ್ಳೋನಿಗೂ ನಡುವೆ ಅದ್ರಲ್ಲಿ ದಲ್ಲಾಳಿ ಅವ್ನಾ, ಇಲ್ವಾ?”

ನವಾಜ್ ಬಸ್ ಬರುವ ಕಡೆ ನೋಡಿದ.

“ಸೈನ್ ಮಾಡಿವ್ನಿ, ಕದಿರಣ್ಣ.”

“ದಲ್ಲಾಳಿ ಇದ್ದಿದ್ರೆ ‘ಅವ್ನೆ’ ಅಂತಿದ್ದೆ.”

ಬಡವನಹಳ್ಳಿ ಬಸ್ ಬಂತು. ನವಾಜ್ ಮೊದಲು ಹತ್ತಿ, ಕಿಟಕಿಯಿಂದ ಕೂಗಿದ.

“ಬಾರಣ್ಣ, ಪಕ್ಕದಲ್ಲೇ ಸೀಟು ಹಿಡ್ದಿವ್ನಿ.”

ಕದಿರಯ್ಯ ಹಿಂದಿನ ಬಾಗಿಲಿನಿಂದ ಹತ್ತಿ, ಕಂಬಿ ಹಿಡಿದು ನಿಂತುಕೊಂಡರು.