‘ನನಗೇನೂ ಬರುವುದಿಲ್ಲ’ ಎಂಬ ಪಾಠ

ಅಧ್ಯಕ್ಷರಾದ ಮಿಯಾಶಿತಾ ಅಮ್ಮನವರೇ, ಮುಖ್ಯ ಅತಿಥಿಗಳೂ ಬಸ್ ಕಂಪನಿಯ ಮಾಲೀಕರೂ ಆದ ನುಮಾತಾ ಅವರೇ, ಸ್ವಯಂಸೇವಕ ಮಿತ್ರರೇ, ಎಲ್ಲೆಲ್ಲಿಂದಲೋ ಜಪಾನಿನ ಈ ನೀಗತಾಕ್ಕೆ ಓದಲು ಬಂದು ನಮ್ಮ ಕೈಗೆ ಸಿಕ್ಕಿಬಿದ್ದ ವಿದ್ಯಾರ್ಥಿಗಳೇ, ಊಟದ ಕೋಣೆಯ ಕಡೆಗೇ ಮುಖ ಮಾಡಿ ಕುಳಿತಿರುವ ಸಭಿಕರೇ,

ಹೊರದೇಶದ ಮಕ್ಕಳಿಗೆ ಭಾಷಣ ಕಲಿಸುವ ನಮ್ಮ ಬಳಗಕ್ಕೆ ಇಂದು ಹತ್ತು ವರ್ಷ ತುಂಬಿತು. ನನಗೆ ಎಪ್ಪತ್ತೊಂದು. ಅಂಚೆ ಕಚೇರಿಯ ಕಿಟಕಿಯಲ್ಲಿ ಮೂವತ್ತೈದು ವರ್ಷ ತೂಕ ಹಾಕಿದವನು ನಾನು; ತೂಕದ ಮಾತು ಮಾತ್ರ ಒಂದೂ ಆಡಿದವನಲ್ಲ. ಇಂಥ ಕುರಾಮೋಚಿ ಎಂಬ ನನ್ನನ್ನು ಮೇಷ್ಟ್ರು ಮಾಡಿದ್ದು ಬಳಗದ ಧೈರ್ಯ.

ನೋಡಿ, ಆಗಲೇ ಶುರುವಾಯಿತು! ನಮ್ಮಲ್ಲಿ ಯಾರು ಎದ್ದು ನಿಂತರೂ ಮೊದಲು ತಮ್ಮನ್ನು ತಾವೇ ಹಳಿದುಕೊಳ್ಳಬೇಕು. ನನ್ನ ಮೊದಲನೆಯ ಪಾಠವೂ ಅದೇ. ಬಾಗಿ ನಮಸ್ಕರಿಸಿ, ‘ನನಗೇನೂ ಬರುವುದಿಲ್ಲ, ಕ್ಷಮಿಸಿ’ ಎನ್ನಿ, ಆಮೇಲೆ ಮಾತು.

ಮೂರನೆಯ ಸಾಲಿನಲ್ಲಿ ನೀಲಿ ಕೋಟು ಹಾಕಿ ಕುಳಿತವಳು ಓದ್ಗೆರೆಲ್, ಮಂಗೋಲಿಯದವಳು. ಈ ತಿಂಗಳ ಕೊನೆಯೊಳಗೆ ಕೆಲಸ ಸಿಗದಿದ್ದರೆ ಅವಳ ವೀಸಾ ಮುಗಿಯುತ್ತದೆ. ಪ್ರವಾಸಿಗಳಿಗೆ ಊರು ತೋರಿಸುವ ಕೆಲಸಕ್ಕೆಂದು ಜನವರಿಯಲ್ಲಿ ನುಮಾತಾ ಅವರ ಕಂಪನಿಗೆ ಸಂದರ್ಶನಕ್ಕೆ ಹೋದಳು. ಹೋಗುವ ಮೊದಲು ನಾನು ಇದೇ ಪಾಠವನ್ನು ಹನ್ನೊಂದು ಸಲ ಅಭ್ಯಾಸ ಮಾಡಿಸಿದ್ದೆ. ಮರುದಿನ ತರಗತಿಗೆ ಬಂದು, ಕೋಟು ಕೂಡ ಬಿಚ್ಚದೆ ಹೇಳಿದಳು:

‘ಮೇಷ್ಟ್ರೇ, ನೀವು ಹೇಳ್ಕೊಟ್ಟ ಹಾಗೇ ಹೇಳ್ದೆ. ಅವ್ರು ನಂಬಿಬಿಟ್ರು.’

ನುಮಾತಾ ಅವರೇ, ತಪ್ಪು ತಿಳಿಯಬೇಡಿ. ಈಗತಾನೇ ತಾವು ‘ನನಗೆ ಮಾತು ಬರುವುದಿಲ್ಲ’ ಎಂದು ಆರಂಭಿಸಿ ನಲವತ್ತು ನಿಮಿಷ ಮಾತನಾಡಿದಿರಿ. ಸಭೆಯಲ್ಲಿ ಒಬ್ಬರಾದರೂ ನಂಬಿದೆವೇ? ಅದೇ ಮಾತನ್ನು ಈ ಹುಡುಗಿ ಆಡಿದರೆ ಅದು ವಿನಯ ಹೇಗೆ ಆಗಲಿಲ್ಲ? ನಮ್ಮವರು ಹೇಳಿದರೆ ಸಂಪ್ರದಾಯ, ಹೊರಗಿನವರು ಹೇಳಿದರೆ ಮಾಹಿತಿ! ತಪ್ಪು ತಮ್ಮದಲ್ಲ, ಪಾಠ ಹೇಳಿದವನದು.

ಅವಳ ಊರಿನಲ್ಲಿ ಕುದುರೆ ಓಟದಲ್ಲಿ ಗೆದ್ದರೆ, ನೆರೆದವರೆದುರು ಅದನ್ನು ಹಾಡಿ ಹೊಗಳಲಿಕ್ಕೆಂದೇ ಒಬ್ಬರು ಇರುತ್ತಾರಂತೆ. ಅಲ್ಲಿ ಕುದುರೆಗೆ ಸಿಗುವುದು ಇಲ್ಲಿ ಹೆಂಡತಿಗೂ ಸಿಗುವುದಿಲ್ಲ ಎಂದು ನಾನು ತಮಾಷೆ ಮಾಡಿದೆ. ನಲವತ್ತು ವರ್ಷ, ಬಂದವರಿಗೆಲ್ಲ ನಮ್ಮಾಕೆ ಕಿನುಎಯನ್ನು ‘ಇವಳು ನನ್ನ ದಡ್ಡ ಹೆಂಡತಿ, ಅಡುಗೆಯೂ ಅಷ್ಟಕ್ಕಷ್ಟೇ’ ಎಂದೇ ಪರಿಚಯಿಸಿದೆ. ಹಿರಿಯರು ಹಾಗೇ ಹೇಳುತ್ತಿದ್ದರು, ನಾನೂ ಹೇಳಿದೆ. ಕೇಳಿದವರು ಯಾರೂ ನಂಬುತ್ತಿರಲಿಲ್ಲ. ಇದನ್ನು ಹೇಳಿದಾಗ ಓದ್ಗೆರೆಲ್ ನಗಲಿಲ್ಲ.

‘ಅಮ್ಮಾವ್ರು ನಂಬಿಬಿಟ್ರಾ ಮೇಷ್ಟ್ರೇ?’ ಎಂದಳು.

ಎಂಥ ಪ್ರಶ್ನೆ! ಕಿನುಎ ಎರಡು ವರ್ಷದಿಂದ ತನ್ನ ತಂಗಿಯ ಮನೆಯಲ್ಲಿದ್ದಾಳೆ, ದೂರದ ಬೆಪ್ಪು ಎಂಬ ಊರಿನಲ್ಲಿ. ಅಲ್ಲಿಯ ಬಿಸಿನೀರಿನ ಬುಗ್ಗೆ ಸೊಂಟಕ್ಕೆ ಒಳ್ಳೆಯದಂತೆ. ಊರು ಅಲ್ಲಿದ್ದರೂ ಬೆಪ್ಪ ಇಲ್ಲೇ ಇದ್ದಾನೆ ಎಂದು ಬಳಗದವರು ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ. ಇರಲಿ, ಅದು ಇಂದಿನ ವಿಷಯವಲ್ಲ.

ಇಂದಿನ ವಿಷಯ ಇದು: ನುಮಾತಾ ಅವರು ದೊಡ್ಡ ಮನಸ್ಸು ಮಾಡಿ ಸೋಮವಾರ ಓದ್ಗೆರೆಲ್‌ಳನ್ನು ಮತ್ತೊಮ್ಮೆ ಕರೆದಿದ್ದಾರೆ. ಮೇಷ್ಟ್ರಾದ ನಾನು ಈಗ, ‘ಅರೆಬರೆ ಕಲಿತ ಹುಡುಗಿ, ಬೈದು ತಿದ್ದಿಕೊಳ್ಳಿ’ ಎಂದು ಅವಳನ್ನು ತಮಗೆ ಒಪ್ಪಿಸಬೇಕು. ಅದೇ ಪದ್ಧತಿ. ನಾನು ಹಾಗೆ ಹೇಳುವುದಿಲ್ಲ.

ಓದ್ಗೆರೆಲ್ ಬಹಳ ಒಳ್ಳೆಯ ಕೆಲಸಗಾರ್ತಿ. ನಾಲ್ಕು ಭಾಷೆ ಬಲ್ಲಳು. ಹಿಮ ಬಿದ್ದು ಬಸ್ಸುಗಳು ನಿಂತ ದಿನ ತರಗತಿಗೆ ನಡೆದು ಬಂದವಳು ಅವಳೊಬ್ಬಳೇ, ಮೇಷ್ಟ್ರೇ ಬಂದಿರಲಿಲ್ಲ. ಅರ್ಥವಾಗದ್ದಕ್ಕೆ ಅರ್ಥವಾಯಿತು ಎಂದು ಅವಳು ಒಮ್ಮೆಯೂ ತಲೆಯಾಡಿಸಿದವಳಲ್ಲ. ಸೋಮವಾರ ಇದನ್ನೆಲ್ಲ ಅವಳೇ ತಮ್ಮೆದುರು ಹೇಳುತ್ತಾಳೆ, ಕ್ಷಮೆ ಕೇಳದೆ. ದಯವಿಟ್ಟು ಅದನ್ನೂ ನಂಬಿ.

ಒಬ್ಬರ ಬಗ್ಗೆ ಒಳ್ಳೆಯ ಮಾತನ್ನು ಬಾಯಿಬಿಟ್ಟು ಆಡಿದ್ದು ಇದೇ ಮೊದಲು. ನೋಡಿದರೆ ಒಂದು ನಿಮಿಷವೂ ಹಿಡಿಯಲಿಲ್ಲ. ಕಿನುಎ ಇರುವ ಬೆಪ್ಪುವಿಗೆ ಬೆಳಗ್ಗೆ ಹೊರಟರೆ ಸಂಜೆಗೆ ತಲುಪಬಹುದಂತೆ, ಸ್ಟೇಷನ್ನಿನಲ್ಲಿ ವಿಚಾರಿಸಿದ್ದೇನೆ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ತಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.