ಸ್ಪಾಸ್ ಮಾಮನ ಕರಿ ಪರದೆ

ದೀಪ ಇರಲಿ, ಆರಿಸಬೇಡಿ. ಇದು ನಮ್ಮ ಪಕ್ಕದ ಮನೆಯ ನೆವೆನಾಗೆ ಆದದ್ದು. ನಾನು ದೆವ್ವ ನಂಬುವವಳಲ್ಲ. ಹನ್ನೊಂದು ದೇಶದ ಬಾಡಿಗೆ ಮನೆಗಳಲ್ಲಿ ಒಂಟಿಯಾಗಿ ಮಲಗಿದ್ದೇನೆ, ಇಲಿಗಿಂತ ದೊಡ್ಡದೇನೂ ಬಂದಿಲ್ಲ. ಆದರೆ ಇದು ನಡೆದದ್ದು.

ಬಲ್ಗೇರಿಯಾದ ಈ ಬೆಟ್ಟದೂರಿನಲ್ಲಿ ಜನವರಿ ಬಂದರೆ ಸಂಜೆ ಐದಕ್ಕೇ ಗವ್ವೆನ್ನುವ ಕತ್ತಲು. ನೀರು ಸರಬರಾಜು ಕಚೇರಿಯ ಬಿಲ್ಲಿನ ಕೋಣೆಯಲ್ಲಿ ಕೆಲಸ ಮುಗಿಸಿ ನೆವೆನಾ ಮನೆಗೆ ಹೊರಟಿದ್ದಳು. ದಾರಿಯಲ್ಲಿ ಅಕ್ರೋಟು ಮರ, ಅದರ ಕೆಳಗೆ ಕಲ್ಲಿನ ನೀರುದೋಣಿ. ಚಳಿಗಾಲದಲ್ಲಿ ಅದರ ನಲ್ಲಿಯಿಂದ ದಾರದಷ್ಟು ನೀರು... ತಟಕ್... ತಟಕ್... ಅವತ್ತು ಸದ್ದು ಬೇರೆ. ಭೋರ್‌ರ್... ದೋಣಿ ತುಂಬಿ ಚೆಲ್ಲುತ್ತಿತ್ತು.

ಅಂದರೆ ಆ ನಲ್ಲಿಗೆ ನೀರು ಬರುವ ಬೆಟ್ಟದ ಮೇಲಿನ ಟ್ಯಾಂಕು ಕಂಠಮಟ್ಟ. ಪಂಪು ಯಾರೂ ನಿಲ್ಲಿಸಿಲ್ಲ. ಟ್ಯಾಂಕಿನ ಗೋಡೆ ಬಿರುಕು ಬಿಟ್ಟು ಎರಡು ವರ್ಷ, ತುಳುಕಿದರೆ ಒಡೆದೇ ಹೋದೀತು. ಅದರ ಕೆಳಗಿನ ಮೊದಲ ಮನೆ ನೆವೆನಾಳದ್ದೇ. ಒಳಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಗಂಡ. ಕಿವಿಯೂ ಮಂದ. ಫೋನು ಮಾಡಿದಳು. ಎತ್ತಲಿಲ್ಲ. ಮನೆಗೆ ಇನ್ನೂ ಅರ್ಧ ಗಂಟೆಯ ಏರು, ಕಚೇರಿಗೆ ಐದು ನಿಮಿಷ. ವಾಪಸ್ ಓಡಿದಳು.

ಅಲ್ಲಿ ಡೆಯಾನ್. ರಾಜಧಾನಿಯಿಂದ ಬಂದು ಮೂರು ವಾರವಾಗಿದ್ದ ಎಂಜಿನಿಯರು. ಮೂವತ್ತಾರರಲ್ಲೂ ಹಲ್ಲಿಗೆ ತಂತಿ, ಕಾಲಿಗೆ ಮದುವೆಮನೆಗೆ ಹಾಕುವಂಥ ಬೂಟು. ಬಂದ ದಿನವೇ ಅವನು ಮಾಡಿದ ಘನಕಾರ್ಯ ಹೇಳುತ್ತೇನೆ ಕೇಳಿ. ಇಲ್ಲಿ ಸತ್ತವರ ಫೋಟೊ ಇರುವ ಚೀಟಿಯನ್ನು ಅವರು ಓಡಾಡಿದ ಕಡೆಯೆಲ್ಲ ಅಂಟಿಸುತ್ತಾರೆ. ತಾನಾಗಿ ಉದುರುವವರೆಗೂ ಯಾರೂ ಮುಟ್ಟುವುದಿಲ್ಲ. ಪಂಪಿನ ಪ್ರೋಗ್ರಾಂ ಬರೆದ ಸ್ಪಾಸ್ ಮಾಮ, ಸೂರ್ಯಕಾಂತಿ ಬೀಜ ಒಡೆಯುತ್ತ ಮೂವತ್ತು ವರ್ಷ ಕಚೇರಿಯ ಕಂಪ್ಯೂಟರಿನ ಕರಿ ಪರದೆಯ ಮುಂದೆ ಕೂತವನು. ಅವನು ಸತ್ತ ನಲವತ್ತನೇ ದಿನದ ಚೀಟಿಯನ್ನು ನೆವೆನಾ ಪರದೆಯ ಅಂಚಿಗೇ ಅಂಟಿಸಿದ್ದಳು.

"ಇದು ಆಫೀಸು, ಸ್ಮಶಾನ ಅಲ್ಲ ಆಂಟಿ" ಅಂತ ಮಹಾಶಯ ಕಿತ್ತೆಸೆದ. ಎಳೆದ ರಭಸಕ್ಕೆ ಅಡಿಯಲ್ಲಿದ್ದ ಇನ್ನೊಂದು ಚೀಟಿಯೂ ಬಂತು. ಪರದೆ ಕೆಟ್ಟರೆ ಏನು ಒತ್ತಬೇಕು ಅಂತ ಮುದುಕ ಕೈಯಾರೆ ಬರೆದಿಟ್ಟದ್ದು. ಅದೂ ಕಸದ ಬುಟ್ಟಿಗೆ.

ಇನ್ನು ದೋಣಿ ಚೆಲ್ಲಿದ ದಿನ ಮಧ್ಯಾಹ್ನ, ಯಾವ ಸಂಕೇತಕ್ಕೆ ಯಾವ ಅಕ್ಷರ ಅಂತ ಪರದೆಗೆ ಹೇಳುವ ಅಕ್ಷರಪಟ್ಟಿಯನ್ನೇ ಬದಲಿಸಿದ್ದ. ಹಳೆಯದು ನಾಚಿಕೆಗೇಡಂತೆ. ಮುದುಕನ ಪ್ರೋಗ್ರಾಂ ಮಾತ್ರ ಹಳೆಯ ಸಂಕೇತಗಳನ್ನೇ ಕಳಿಸುತ್ತಿತ್ತು. ಪಟ್ಟಿ ಬದಲಾದ ಪರದೆ ಅವನ್ನು ಅಕ್ಷರವೆಂದು ಓದಲಿಲ್ಲ, ಅಪ್ಪಣೆಯೆಂದು ಓದಿತು. ಸಾಲುಗಳು ಒಂದರ ಮೇಲೊಂದು ಹತ್ತಿದವು, ನೀರಿನ ಮಟ್ಟದ ಅಂಕೆಗಳು ಚೆಲ್ಲಾಪಿಲ್ಲಿಯಾದವು, ಪಂಪು ಯಾವಾಗ ನಿಲ್ಲಿಸಬೇಕೆಂದೇ ತಿಳಿಯದಾಯಿತು.

"ಪಂಪು ನಿಲ್ಲಿಸು!"

"ಕೂಗಬೇಡಿ ಆಂಟಿ. ಬರೀ ಡಿಸ್‌ಪ್ಲೇ ತೊಂದರೆ. ಐದೇ ನಿಮಿಷ."

"ಯಾವಾಗಿನಿಂದ ಐದು ನಿಮಿಷ?"

"...ಮೂರು ಗಂಟೆಯಿಂದ."

"ಪಂಪಿನ ಮನೆಗೆ ಹೋಗಿ ಸ್ವಿಚ್ಚಾದರೂ ಆರಿಸೋ ಮಾರಾಯ!"

"ನದಿಗಾ? ಹಿಮದಲ್ಲಿ ಮೂರು ಕಿಲೋಮೀಟರಾ? ಈ ಬೂಟಲ್ಲಾ?"

ಏನೋ ಒತ್ತಿದ. ಪರದೆ ಪೂರ್ತಿ ಕಪ್ಪಾಯಿತು. ಮತ್ತೆ ಒತ್ತಿದ, ಒಂದಕ್ಷರವೂ ಮೂಡಲಿಲ್ಲ. "ಕೀಬೋರ್ಡೇ ಸತ್ತಿದೆ" ಅಂತ ತೀರ್ಪು ಕೊಟ್ಟ. ಮುದುಕನ ಕಾಲದ ಆ ಭಾರದ ಕೀಬೋರ್ಡಿನ ವಯರು ಕಿತ್ತು, ಸುತ್ತಿ, ಹಿಂದಿನ ಕಪಾಟಿನ ಮೇಲೆ ಬಿಸಾಡಿದ. ಕಿಟಕಿಗೆ ಹೋಗಿ ರಾಜಧಾನಿಗೆ ಫೋನು ಹಚ್ಚಿದ. ಸತ್ತದ್ದು ಕೀಬೋರ್ಡಲ್ಲ, ಅವನ ತಲೆ. ಒತ್ತಿದ್ದು ಪರದೆಯಲ್ಲಿ ಕಾಣದಿದ್ದರೂ ಯಂತ್ರಕ್ಕೆ ತಿಳಿಯುತ್ತದೆ. ಕಸಕ್ಕೆ ಹೋದ ಚೀಟಿಯ ಮೊದಲ ಸಾಲೇ ಅದು.

ಗೋಡೆಯೊಳಗಿನ ಪೈಪು ಗುಂಯ್‌ಗುಡುತ್ತಿತ್ತು. ನೆವೆನಾ ಮತ್ತೆ ಗಂಡನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಆಗ... ಬೆನ್ನ ಹಿಂದೆ...

ಟಕ್.

ಟಕ್... ಟಕ್-ಟಕ್...

ನಡುವೆ ಸಣ್ಣಗೆ, ಚಿಟ್. ಹಲ್ಲಿನ ಮಧ್ಯೆ ಏನೋ ಒಡೆದ ಹಾಗೆ.

ಅವಳು ತಿರುಗಲಿಲ್ಲ. ಪರದೆ ಮಿನುಗಿತು. ಹಳೆಯ ಅಕ್ಷರಗಳು, ಒಂದೂ ತಪ್ಪಿಲ್ಲದೆ, ಒಂದೊಂದಾಗಿ ಮೂಡಿದವು: ಪಂಪು ನಿಲ್ಲಿಸಲೇ?

ನಿಂತುಬಿಟ್ಟಿತು. ಕಾಯುತ್ತಿತ್ತು.

"ಮಾಮಾ..." ನೆವೆನಾ ಪಿಸುಗುಟ್ಟಿದಳು. "ಹೂಂ... ನಿಲ್ಲಿಸು."

ಟಕ್.

ಪೈಪಿನ ಗುಂಯ್ ಸದ್ದು ಇಳಿಯಿತು... ಇಳಿಯಿತು... ನಿಂತಿತು.

ಡೆಯಾನ್ ಫೋನು ಕೆಳಗಿಟ್ಟು ತಿರುಗಿದ. ಪರದೆ ನೋಡಿದ, ತಂತಿಯೆಲ್ಲ ಕಾಣುವ ಹಾಗೆ ನಕ್ಕ. "ನೋಡಿದಿರಾ ಆಂಟಿ? ಐದೇ ನಿಮಿಷ ಅಂದಿರಲಿಲ್ವಾ?" ವರದಿಯಲ್ಲೂ ಹಾಗೇ ಬರೆದ: ಸಮಸ್ಯೆಯನ್ನು ನಾನೇ ಬಗೆಹರಿಸಿದೆ. ಅವನಿಗೆ ಬಡ್ತಿಯೂ ಆಯಿತು. ಟ್ಯಾಂಕು ತುಳುಕಲು ಒಂದು ಗೇಣು ಬಾಕಿಯಿತ್ತು. ನೆವೆನಾಳ ಗಂಡ ಏಳಲೇ ಇಲ್ಲ, ಗೊರಕೆ ಹೊಡೆಯುತ್ತಿದ್ದ.

ಅವತ್ತೇ ಅವಳು ಬಂದು ನನ್ನ ಕೈ ಹಿಡಿದು ಕಚೇರಿಗೆ ಎಳೆದಳು. ಹೋದೆ. ಕುಡಿದಿರಲಿಲ್ಲ, ಕನ್ನಡಕವೂ ಹಾಕಿಕೊಂಡಿದ್ದೆ. ಸುಳ್ಳು ಹೇಳಿ ನನಗೇನಾಗಬೇಕು? ಕಪಾಟಿನ ಮೇಲೆ ಕೀಬೋರ್ಡು ಇತ್ತು, ವಯರು ಸುತ್ತಿದ ಹಾಗೇ. ಪಕ್ಕದಲ್ಲಿ ಏಳು ಸೂರ್ಯಕಾಂತಿ ಬೀಜದ ಸಿಪ್ಪೆ. ನೆವೆನಾ ಬೀಜ ಮುಟ್ಟುವುದಿಲ್ಲ, ಹಲ್ಲಿಗೆ ತಂತಿ ಹಾಕಿಸಿಕೊಂಡವನು ಒಡೆಯುವ ಹಾಗೇ ಇಲ್ಲ.

ಒಂದನ್ನು ಬೆರಳಲ್ಲಿ ಎತ್ತಿ ನೋಡಿದೆ. ಇನ್ನೂ ಒದ್ದೆಯಾಗಿತ್ತು.